ಓದಿದ್ದನ್ನು ಬರೆಯುವ ಮಗಳಿಗೆ

ಧಾರವಾಡ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನೀ ಕಳಿಸಿದ ಪುಸ್ತಕದ ಟಿಪ್ಪಣಿ ಓದಿದೆ. ಆಫೀಸು, ಬಸ್ಸಿನ ಗದ್ದಲದ ನಡುವೆ ಅಷ್ಟು ದಪ್ಪ ಕಾದಂಬರಿ ಮುಗಿಸಿ, ಅದರ ಬಗ್ಗೆ ಬರೆಯಲೂ ಕೂತೆಯಲ್ಲ, ಭಾಳ ಸಂತೋಷ ಆತು. ಆದರೆ ಒಂದು ಮಾತು. ಮೊನ್ನೆ ಫೋನಿನಲ್ಲಿ ನೀ ಇದೇ ಪುಸ್ತಕದ ಬಗ್ಗೆ ಮಾತಾಡಿದ್ದು ಇದಕ್ಕಿಂತ ಎಷ್ಟೋ ಚಲೋ ಇತ್ತು. ಸೊಸೆ ತವರಿನ ಕಾಗದವನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಮುಚ್ಚಿಡುತ್ತಾಳೆ, ರೊಟ್ಟಿಗೆ ಹಿಟ್ಟು ತೆಗೆಯುವಾಗೆಲ್ಲ ಅದು ಕೈಗೆ ತಾಗುತ್ತದೆ, ಅಲ್ಲಿಂದ ಮುಂದೆ ಆ ರಾತ್ರಿ ಓದಲಿಕ್ಕೆ ಆಗಲಿಲ್ಲ ಅಂದಿದ್ದೆ. ಟಿಪ್ಪಣಿಯಲ್ಲಿ ಆ ಡಬ್ಬಿಯೇ ಇಲ್ಲ! ಕಥೆಯ ಸಾರಾಂಶ ಇದೆ, ಕೊನೆಗೆ ‘ಎಲ್ಲರೂ ಓದಲೇಬೇಕಾದ ಕೃತಿ’ ಅಂತ ಇದೆ. ಆ ಸಾಲನ್ನು ಯಾವ ಪುಸ್ತಕಕ್ಕೆ ಬೇಕಾದರೂ ಹಚ್ಚಬಹುದು. ಡಬ್ಬಿಯ ಮಾತು ಈ ಪುಸ್ತಕದ್ದು, ಅದನ್ನು ಓದಿದ ನಿನ್ನದು.

ವಿಮರ್ಶೆ ಅಂದಕೂಡಲೇ ನೀ ಬಿಗಿಯಾಗುತ್ತೀ, ಅದು ಪ್ರೊಫೆಸರರ ಕೆಲಸ ಅನ್ನೋ ಹಾಗೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ, ಮನೋಹರ ಗ್ರಂಥಮಾಲೆಯ ಅಟ್ಟ ನಿನಗೆ ಗೊತ್ತಲ್ಲ, ಸುಭಾಸ ರಸ್ತೆಯದು. ಅಲ್ಲಿಯ ಬಳಗದ ಕೀರ್ತಿನಾಥ ಕುರ್ತಕೋಟಿಯವರು ನಮ್ಮ ಗದಗಿನವರು. 1995ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಉರಿಯ ನಾಲಗೆ’ಗೆ, ಅಂದರೆ ವಿಮರ್ಶೆಯ ಪುಸ್ತಕಕ್ಕೆ. ನೀ ಅವರ ಹಾಗೆ ಬರೆಯಬೇಕಂತಿಲ್ಲ. ಓದಿದ್ದರ ಬಗ್ಗೆ ಬರೆಯುವುದೂ ಬರವಣಿಗೆಯೇ ಅಂತ ನಂಬಿ ಕೂತರೆ ಸಾಕು.

ಓದುವಾಗ ಪೆನ್ಸಿಲ್ ಹತ್ತಿರ ಇಟ್ಟುಕೋ. ನಿನ್ನನ್ನು ತಡೆದು ನಿಲ್ಲಿಸಿದ ಸಾಲಿನ ಪುಟಸಂಖ್ಯೆಯನ್ನು ಪುಸ್ತಕದ ಕೊನೆಯ ಖಾಲಿ ಹಾಳೆಯ ಮೇಲೆ ಗುರುತು ಹಾಕು, ಅಷ್ಟೇ. ಪುಸ್ತಕ ಮುಗಿದ ಮೇಲೆ ಬೇರೆಯವರು ಏನಂದಿದ್ದಾರೆ ಅಂತ ನೋಡುವ ಮೊದಲು ನಿನ್ನದನ್ನು ಬರೆದುಬಿಡು. ಅವರದನ್ನು ಓದಿಬಿಟ್ಟರೆ ಅವರ ಮಾತೇ ನಿನ್ನ ಕೈಯಿಂದ ಇಳಿಯುತ್ತದೆ.

ಕೊನೆಯ ಭಾಗ ಎಳೆದಂತಾಗಿದೆ ಅಂತಲೂ ಅಂದಿದ್ದೆ. ಅದನ್ನೂ ಬಿಟ್ಟಿದ್ದೀ. ಬರೆದವರಿಗೆ ಬೇಜಾರಾದೀತು ಅಂತಲೋ ಏನೋ. ಯಾವ ಅಧ್ಯಾಯದಿಂದ, ಯಾಕೆ ಅಂತ ಹೇಳಿದರೆ ಅದು ನಿಂದೆ ಅಲ್ಲ. ಬರೇ ‘ಬೋರ್’ ಅಂದರೆ ಮಾತ್ರ ಅನ್ಯಾಯ. ಆ ಕಾದಂಬರಿಯ ಮೊದಲ ಹಾಳೆಯ ಹಿಂದೆ, ಬೆಲೆಯ ಹತ್ತಿರ, ‘ಪ್ರತಿಗಳು: 1000’ ಅಂತ ಇದ್ದೀತು, ನೋಡು. ಕನ್ನಡದ ಎಷ್ಟೋ ಪುಸ್ತಕಗಳು ಅಷ್ಟೇ ಅಚ್ಚಾಗೋದು. ಅಂಥಲ್ಲಿ ಒಬ್ಬ ಓದುಗಾರ್ತಿ ಮನಸ್ಸು ಬಿಚ್ಚಿ ಬರೆದ ಒಂದು ಪುಟ, ಬರೆದವರಿಗೆ ಎಷ್ಟು ದೊಡ್ಡದಾಗಿ ಕಂಡೀತು!

ಹಾಗಂತ ಓದಿದ್ದಕ್ಕೆಲ್ಲ ಬರೆಯಲಿಕ್ಕೆ ಹೋಗಬೇಡ. ಕೆಲವನ್ನು ಸುಮ್ಮನೆ ಓದಿ, ಗೆಳತಿಗೆ ಕೊಟ್ಟುಬಿಡು. ಬರೆಯೋ ಸಲುವಾಗಿ ಓದೋದು ಶುರುವಾದರೆ ಓದಿನ ಸುಖವೇ ಹೋಗುತ್ತದೆ.

ಈ ಟಿಪ್ಪಣಿಯನ್ನು ಮಾತ್ರ ಇನ್ನೊಮ್ಮೆ ಬರೆದು ಕಳಿಸು, ಡಬ್ಬಿಯಿಂದಲೇ ಶುರು ಮಾಡು. ಮುಕ್ತಾಯ ಹೇಳಬೇಡ, ಅವ್ವ ಇನ್ನೂ ಓದಬೇಕು.

ನಿನ್ನ
ಅಪ್ಪ