ಡಬ್ಬಿಯಲ್ಲಿ ಕಡಿಮೆಯಾದದ್ದು

ಪ್ರೀತಿಯ ಗೆಳೆಯ,

ಗೋಳಗುಮ್ಮಟದ ಮುಂದೆ ನಾವು ನಾಲ್ವರೂ ನಿಂತ ಫೋಟೊ ನೋಡಿ ‘ಪುಣ್ಯವಂತ ನೀನು’ ಎಂದು ಬರೆದಿದ್ದೆಯಲ್ಲ, ಅಲ್ಲಿಂದ ಶುರುವಾಯಿತು ಇದು. ನಿನ್ನ ಹಿಂದೆಯೇ ಇನ್ನೂ ಅರವತ್ತು ಎಪ್ಪತ್ತು ಜನ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಬರೆದರು. ಮಕ್ಕಳೇ ದುಡ್ಡು ಕೂಡಿಟ್ಟು ಅಪ್ಪ ಅಮ್ಮನನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವುದೆಂದರೆ ಸಾಮಾನ್ಯವೇ, ಎಂಥ ಸಂಸ್ಕಾರ, ಎಲ್ಲ ನೀವು ಬೆಳೆಸಿದ ರೀತಿ ಎಂದರು. ಒಬ್ಬೊಬ್ಬರಿಗೂ ‘ಧನ್ಯವಾದ’ ಎನ್ನುತ್ತ ಹೋದೆ. ನಿನ್ನ ಹೆಸರಿನ ಹತ್ತಿರ ಬಂದಾಗ ಮಾತ್ರ ಬೆರಳು ನಿಂತುಬಿಟ್ಟಿತು. ಛತ್ರಿಯ ವಿಷಯವೊಂದನ್ನು ಬಿಟ್ಟರೆ ನಿನ್ನಿಂದ ನಾನು ಏನನ್ನೂ ಮುಚ್ಚಿಟ್ಟವನಲ್ಲ. ಅದಕ್ಕೇ ಈ ಪತ್ರ. ಹೊಗಳಿದವರು ಎಲ್ಲರೂ ಕಾಣುವಂತೆ ಹೊಗಳಿದ್ದಾರೆ, ಆದ್ದರಿಂದ ಇದನ್ನೂ ಎಲ್ಲರಿಗೂ ಕಾಣುವಂತೆಯೇ ಹಾಕುತ್ತಿದ್ದೇನೆ.

ಫೋಟೊದಲ್ಲಿ ಇರುವುದೆಲ್ಲ ನಿಜ. ಅದನ್ನು ಮೊದಲು ಹೇಳಿಬಿಡುತ್ತೇನೆ. ಮಗಳು ಈಗ ಮೊದಲ ಪಿಯುಸಿ, ಮಗ ಒಂಬತ್ತನೆಯ ತರಗತಿ. ಹೆಚ್ಚುಕಡಿಮೆ ಎರಡು ವರ್ಷ ಇಬ್ಬರೂ ಸೇರಿ 11,260 ರೂಪಾಯಿ ಕೂಡಿಟ್ಟರು. ಮಗಳು ಸಂಜೆ ಬೀದಿಯ ನಾಲ್ಕು ಪುಟ್ಟ ಮಕ್ಕಳಿಗೆ ಮಗ್ಗಿ, ಕಾಗುಣಿತ ಹೇಳಿಕೊಡುತ್ತಾಳೆ. ಅವಳ ಅಕ್ಷರ ನೀನು ನೋಡಿದ್ದೀಯ, ಮುತ್ತು ಪೋಣಿಸಿದ ಹಾಗೆ. ನಮ್ಮ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಮಾಡಿಸಿದವರು ಲಕೋಟೆಯ ಮೇಲೆ ಹೆಸರು ಬರೆಸಿಕೊಳ್ಳಲು ಅವಳನ್ನೇ ಕೇಳುತ್ತಾರೆ, ಲಕೋಟೆಗೆ ಒಂದು ರೂಪಾಯಿ. ಮಗ ಕತ್ತರಿಸಿ ಉಳಿದ ಕಾಗದವನ್ನೆಲ್ಲ ಮೂಟೆ ಕಟ್ಟಿ ರದ್ದಿಯವರಿಗೆ ಹಾಕುತ್ತಾನೆ. ಹಬ್ಬಕ್ಕೆ ಬಂದ ಅತ್ತೆ, ಚಿಕ್ಕಪ್ಪಂದಿರು ಕೈಗೆ ತುರುಕಿದ ನೂರು ಇನ್ನೂರು ಬೇರೆ. ಎಲ್ಲವೂ ಅಡುಗೆಮನೆಯ ಮೇಲಿನ ಗೂಡಿನಲ್ಲಿರುವ ಬಿಸ್ಕತ್ತಿನ ಡಬ್ಬಿಗೆ ಬೀಳುತ್ತಿತ್ತು. ಚಿಲ್ಲರೆ ಹೆಚ್ಚಾದಾಗ ನನ್ನ ಬಳಿ ತಂದು ಸುರಿದು, ಎಣಿಸಿ, ಐನೂರರ ಒಂದು ನೋಟು ಮಾಡಿಸಿಕೊಂಡು ಹೋಗುತ್ತಿದ್ದರು. ನೋಟು ಕೈಗೆ ಬಂದಾಗ ಮಗ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ, ಅಪ್ಪ ಕೊಟ್ಟದ್ದಾದರೂ ಪರೀಕ್ಷೆ ಮಾಡಿಯೇ ತೆಗೆದುಕೊಳ್ಳಬೇಕು ಎನ್ನುವ ಹಾಗೆ.

ನಮಗೆ ಅವರ ವಯಸ್ಸಿನಲ್ಲಿ ಪ್ರವಾಸವೆಂದರೆ ನಾಯಕನಹಟ್ಟಿ ಜಾತ್ರೆ. ಉಳಿತಾಯವೆಂದರೆ ಶಾಲೆಯ ಸಂಚಯಿಕ. ನಿನ್ನ ಪುಸ್ತಕದಲ್ಲಿ 14 ರೂಪಾಯಿ, ನನ್ನದರಲ್ಲಿ 11. ಆ 25 ರೂಪಾಯಿ ಕೊನೆಗೆ ಎಲ್ಲಿ ಹೋಯಿತೆಂದು ಬಲ್ಲವರು ಭೂಮಿಯ ಮೇಲೆ ಇಬ್ಬರೇ.

ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಿದವಳು ಮಗಳು. ಚಿತ್ರದುರ್ಗದಿಂದ ಹಂಪಿ ಹತ್ತಿರ, ಖರ್ಚೂ ಕಡಿಮೆ ಎಂದೆ. ‘ಇಲ್ಲ ಅಪ್ಪ, ಗೋಳಗುಮ್ಮಟ’ ಎಂದಳು. ಡಿಸೆಂಬರ್ ಕೊನೆಯ ವಾರ, ಎರಡು ರಾತ್ರಿ. ಅವಳ ಲೆಕ್ಕ ನೋಡಿದ್ದರೆ ನೀನು ಅವಳನ್ನು ನಿನ್ನ ಕಚೇರಿಗೆ ಕರೆದುಕೊಂಡು ಹೋಗುತ್ತಿದ್ದೆ. ಶಕ್ತಿ ಯೋಜನೆ ಇರುವುದರಿಂದ ಅಮ್ಮನಿಗೂ ಅವಳಿಗೂ ಬಸ್ಸಿನಲ್ಲಿ ಶೂನ್ಯ ಟಿಕೆಟ್, ನನಗೆ ಮತ್ತು ಮಗನಿಗೆ ಮಾತ್ರ ದುಡ್ಡು. ಹದಿನೈದು ತುಂಬದವರಿಗೆ ಸ್ಮಾರಕದ ಒಳಗೆ ಪ್ರವೇಶ ಉಚಿತ, ಹಾಗಾಗಿ ಅಲ್ಲಿ ಮಗನದು ಉಳಿತಾಯ. ಲಾಡ್ಜ್, ಊಟ, ನೀರು, ಎಲ್ಲಕ್ಕೂ ಒಂದೊಂದು ಸಾಲು. ಕೊನೆಯ ಸಾಲು: ‘ಟಾಂಗಾ, ಅಮ್ಮನಿಗೆ’. ಅಮ್ಮ ಯಾವಾಗಲೋ ಒಮ್ಮೆ, ಕುದುರೆಗಾಡಿಯಲ್ಲಿ ಕೂರಬೇಕೆಂದು ಚಿಕ್ಕವಳಿದ್ದಾಗ ಆಸೆಯಿತ್ತು ಎಂದಿದ್ದಳಂತೆ. ನನಗೆ ಆ ಮಾತು ನೆನಪಿಲ್ಲ. ಮಕ್ಕಳಿಗಿದೆ.

ಹೊಸಪೇಟೆ ದಾಟಿ, ಕುಷ್ಟಗಿ, ಇಳಕಲ್ ಎನ್ನುತ್ತ ಮುನ್ನೂರು ಕಿಲೋಮೀಟರ್‌ಗೂ ಹೆಚ್ಚಿನ ದಾರಿ. ಇಳಕಲ್ಲಿನಲ್ಲಿ ಬಸ್ ನಿಂತಾಗ ಇವಳು ಸೀರೆ ಅಂಗಡಿಗಳ ಕಡೆ ಕತ್ತು ಚಾಚಿದ್ದನ್ನು ಮಗಳು ನೋಡಿದಳು, ಮಗಳು ನೋಡಿದ್ದನ್ನು ನಾನು ನೋಡಿದೆ. ಮಗಳು ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಕಡಲೆಕಾಯಿ ತಿಂದಳು. ಅವಳಿಗೆ ಬಸ್ ಪ್ರಯಾಣ ಆಗುವುದಿಲ್ಲ, ವಾಂತಿಯಾಗುತ್ತದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಒಂಬತ್ತನೆಯ ತರಗತಿಯಲ್ಲಿ ಶಾಲೆಯ ಪ್ರವಾಸಕ್ಕೆ ಅವಳು ಹೆಸರು ಕೊಡದೇ ಇದ್ದದ್ದು ಅದೇ ಕಾರಣಕ್ಕೆ. ಅವಳ ತರಗತಿಯವರೆಲ್ಲ ಹೋಗಿಬಂದರು. ಎಲ್ಲಿಗೆಂದು ಕೇಳು. ವಿಜಯಪುರ, ಬಾದಾಮಿ.

ಕೃಷ್ಣಾ ನದಿಯ ಸೇತುವೆಯ ಮೇಲೆ ಬಸ್ ಹೋಗುತ್ತಿದ್ದಾಗ ಇದು ನನಗೆ ಹೊಳೆಯಿತು. ಅವಳ ಮುಖ ನೋಡಿದೆ. ವಾಂತಿಯ ಸುಳಿವೂ ಇರಲಿಲ್ಲ. ಗಾಳಿಗೆ ಕೂದಲು ಹಾರುತ್ತಿತ್ತು, ಮಗನಿಗೆ ನೀರು ತೋರಿಸುತ್ತಿದ್ದಳು.

ಆ ರಾತ್ರಿ ಲಾಡ್ಜಿನಲ್ಲಿ ಎಲ್ಲರೂ ಮಲಗಿದ ಮೇಲೆ ಅವಳ ಲೆಕ್ಕದ ನೋಟ್‌ಬುಕ್ ತೆರೆದೆ. ದಿನದ ಖರ್ಚು ಬರೆದಿಡಲು ಅವಳೇ ನನ್ನ ಕೈಗೆ ಕೊಟ್ಟಿದ್ದಳು. ಮೊದಲ ಪುಟದ ತಾರೀಖು 2024ರ ಸಂಕ್ರಾಂತಿ. ಶಾಲೆಯವರು ಪ್ರವಾಸ ಮುಗಿಸಿ ಬಂದು ಮೂರು ವಾರವೂ ಆಗಿರಲಿಲ್ಲ. ನಾನು ಒಂದೊಂದೇ ಪುಟ ತಿರುಗಿಸಿದೆ. ರದ್ದಿ 62. ಲಕೋಟೆ 150. ಅತ್ತೆ 200. ಎಲ್ಲವೂ ನೀಲಿ ಶಾಯಿಯಲ್ಲಿ, ಅದೇ ಮುತ್ತಿನ ಅಕ್ಷರ. 2025ರ ಜುಲೈ ಪುಟದಲ್ಲಿ ಒಂದೇ ಒಂದು ಸಾಲು ಪೆನ್ಸಿಲಿನಲ್ಲಿತ್ತು. ಅಳಿಸಲು ನೋಡಿ, ಪೂರ್ತಿ ಅಳಿಸದೆ ಬಿಟ್ಟಂತಿತ್ತು.

‘ಕಡಿಮೆ 1,600. ಕೇಳಬಾರದು.’

ಗೆಳೆಯ, ಆ ಹಣ ತೆಗೆದವನು ನಾನು.

ಇಷ್ಟನ್ನು ಬರೆಯಬೇಕೆಂದು ಕುಳಿತಿರಲಿಲ್ಲ. ಶಾಲಾ ಪ್ರವಾಸದ ವಿಷಯವನ್ನಷ್ಟೇ ಹೇಳಿ ಮುಗಿಸುವವನಿದ್ದೆ. ಆದರೆ ಬರೆದಾಗಿದೆ, ಇನ್ನು ಅಳಿಸುವುದಿಲ್ಲ.

ಅದು ಆಷಾಢ. ಆಷಾಢದಲ್ಲಿ ಮದುವೆಯಿಲ್ಲ, ಮದುವೆಯಿಲ್ಲದಿದ್ದರೆ ಲಗ್ನಪತ್ರಿಕೆಯಿಲ್ಲ. ಮೊದಲಾದರೆ ಜ್ಯೇಷ್ಠದ ಮದುವೆಗಳ ದುಡ್ಡಿನಲ್ಲಿ ಆ ತಿಂಗಳು ಹೇಗೋ ಕಳೆಯುತ್ತಿತ್ತು. ಈಗ ಐನೂರು ಪತ್ರಿಕೆ ಮಾಡಿಸುತ್ತಿದ್ದವರು ಹಿರಿಯರಿಗೆಂದು ನೂರು ಮಾಡಿಸುತ್ತಾರೆ, ಉಳಿದವರಿಗೆಲ್ಲ ಮೊಬೈಲಿನಲ್ಲೇ ಕರೆಯೋಲೆ. ಪ್ರೆಸ್ಸಿನ ವಿದ್ಯುತ್ ಬಿಲ್ ಕಟ್ಟಲು ಮರುದಿನವೇ ಕೊನೆ. ಮನೆಯಲ್ಲಿ ಯಾರೂ ಇರಲಿಲ್ಲ. ಸ್ಟೂಲ್ ಹಾಕಿಕೊಂಡು ಹತ್ತಿ ಡಬ್ಬಿ ಇಳಿಸಿದೆ. ಐನೂರರ ಮೂರು ನೋಟು ತೆಗೆದೆ. ನಾನೇ ಅವರಿಗೆ ಕೊಟ್ಟಿದ್ದ ನೋಟುಗಳು. ಶ್ರಾವಣದಲ್ಲಿ ಕೆಲಸ ಬಂದ ತಕ್ಷಣ ಇಡುತ್ತೇನೆ, ಅವರಿಗೆ ತಿಳಿಯುವುದೂ ಇಲ್ಲ ಎಂದುಕೊಂಡೆ. ಡಬ್ಬಿಯ ಮುಚ್ಚಳ ಹಾಕುವಾಗ ಸದ್ದಾಗದಂತೆ ಒತ್ತಿದ್ದು ನೆನಪಿದೆ. ಖಾಲಿ ಮನೆಯಲ್ಲಿ ಯಾರಿಗೆ ಕೇಳಿಸುತ್ತಿತ್ತು?

ಅದಾದ ಐದನೆಯ ದಿನ ಮಗಳು, ಅಪ್ಪ, ಅಂಚೆ ಕಚೇರಿಯಲ್ಲಿ ಖಾತೆ ತೆರೆಯಬೇಕು, ಜೊತೆಗೆ ಬರುತ್ತೀರಾ ಎಂದಳು. ಹತ್ತು ವರ್ಷ ತುಂಬಿದವರು ತಮ್ಮ ಹೆಸರಿನಲ್ಲೇ ತೆರೆಯಬಹುದು, ಐನೂರು ರೂಪಾಯಿ ಇದ್ದರೆ ಸಾಕು, ಶೇಕಡ 4ರಷ್ಟು ಬಡ್ಡಿ ಬರುತ್ತದೆ ಎಂದೆಲ್ಲ ವಿವರಿಸಿದಳು. ನನಗೆ ಆದ ಸಂತೋಷ ಹೇಳತೀರದು. ಪ್ರೆಸ್ಸಿಗೆ ಬಂದವರಿಗೆಲ್ಲ ಹೇಳಿಕೊಂಡೆ, ಇಷ್ಟು ವಯಸ್ಸಿಗೇ ಬಡ್ಡಿಯ ಲೆಕ್ಕ ತಿಳಿದುಕೊಂಡಿದ್ದಾಳೆ ಎಂದು. ನಿನಗೂ ಫೋನ್ ಮಾಡಿ ಹೇಳಿದ್ದೆ, ನೆನಪಿರಬಹುದು. ಅವಳು ಯಾಕೆ ಖಾತೆ ತೆರೆದಳೆಂದು ನನಗೆ ಅರ್ಥವಾದದ್ದು ಆ ಲಾಡ್ಜಿನ ಮಂಚದ ಮೇಲೆ, ಐದು ತಿಂಗಳು ಕಳೆದ ಮೇಲೆ. ಶ್ರಾವಣ ಬಂದು ಹೋಗಿತ್ತು. ಕೆಲಸವೂ ಬಂದಿತ್ತು. ಡಬ್ಬಿಯೇ ಖಾಲಿಯಾಗಿದೆಯಲ್ಲ, ಎಲ್ಲಿ ಇಡುವುದು ಎಂದು ನನಗೆ ನಾನೇ ಹೇಳಿಕೊಂಡು ಸುಮ್ಮನಾಗಿದ್ದೆ.

ಅವಳು ಕೇಳಿದ್ದರೆ, ಕೂಗಾಡಿದ್ದರೆ, ತಡೆದುಕೊಳ್ಳುತ್ತಿದ್ದೆ. ‘ಕೇಳಬಾರದು’ ಎಂಬುದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಹದಿನಾರು ವರ್ಷದ ಹುಡುಗಿ ಅಪ್ಪನ ಮರ್ಯಾದೆಯನ್ನು ಅಪ್ಪನಿಂದಲೇ ಕಾಪಾಡಿ ಇಟ್ಟಿದ್ದಳು. ಮಕ್ಕಳು ಕೂಡಿಟ್ಟ ಹಣದಲ್ಲಿ ಪ್ರವಾಸ ಹೋಗುವುದು ಹೆಮ್ಮೆಯೇ, ಇಲ್ಲ ಎನ್ನುವುದಿಲ್ಲ. ಆದರೆ ಏನನ್ನು ನೋಡಿ ಕೂಡಿಡಲು ಕಲಿತರು? ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಗುಮ್ಮಟಕ್ಕೆ ಹೋದೆವು. ಅಲ್ಲಿ ಮಗನೇ ಮೇಷ್ಟ್ರು. 1656ರಲ್ಲಿ ಮುಗಿದದ್ದು, ಮೊಹಮ್ಮದ್ ಆದಿಲ್ ಶಾಹನ ಗೋರಿ, ಗುಮ್ಮಟದ ಅಡ್ಡಳತೆ 44 ಮೀಟರ್, ನಡುವೆ ಒಂದೂ ಕಂಬವಿಲ್ಲ, ಹೆಣೆದುಕೊಂಡ ಎಂಟು ಕಮಾನುಗಳೇ ಅಷ್ಟು ಭಾರ ಹೊತ್ತಿವೆ ಎಂದು ಹೇಳುತ್ತ ಹೋದ. ಮೂಲೆಯ ಬುರುಜಿನ ಕಿರಿದಾದ ಮೆಟ್ಟಿಲು ಏಳು ಅಂತಸ್ತು ಹತ್ತಿ, ಏದುಸಿರು ಬಿಡುತ್ತ ಪಿಸುಗುಟ್ಟುವ ಮೊಗಸಾಲೆಗೆ ಬಂದೆವು. ಮಗ ನನ್ನನ್ನೂ ಅಕ್ಕನನ್ನೂ ಒಂದು ಕಡೆ ಗೋಡೆಗೆ ಕಿವಿಯಿಟ್ಟು ಕೂರಿಸಿ, ಅಮ್ಮನನ್ನು ಕರೆದುಕೊಂಡು ಆಚೆ ಬದಿಗೆ ಓಡಿದ. ಸ್ವಲ್ಪ ಹೊತ್ತಿಗೆ ಕಲ್ಲಿನ ಒಳಗಿನಿಂದಲೇ ಎದ್ದುಬಂದಂತೆ ಇವಳ ದನಿ ಕೇಳಿತು. ಕಾಗದ ಹರಿಯುವ ಸದ್ದು, ಗಡಿಯಾರದ ಟಿಕ್ ಟಿಕ್ ಕೂಡ ಇಷ್ಟು ದೂರ ಕೇಳಿಸುತ್ತದಂತೆ. ಮಗಳು ಗೋಡೆಗೆ ಕೆನ್ನೆಯಾನಿಸಿ ನಕ್ಕಳು.

‘ನಮ್ಮ ಮನೆಯ ಹಾಗೆಯೇ ಇದೆ ಅಪ್ಪ. ಎಷ್ಟು ಮೆಲ್ಲಗೆ ಮಾತಾಡಿದರೂ ಎಲ್ಲ ಕೇಳಿಸುತ್ತದೆ.’

ಅವಳ ಮನಸ್ಸಿನಲ್ಲಿ ಚುಚ್ಚುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ನಮ್ಮದು ಎರಡೇ ಕೋಣೆಯ ಮನೆಯೆಂದು ನಿನಗೆ ಗೊತ್ತು. ದೀಪ ಆರಿಸಿದ ಮೇಲೆ ನಾನೂ ಇವಳೂ ಬಾಡಿಗೆ, ಫೀಸು, ಸಾಲದ ಕಂತು ಎಂದು ಪಿಸುಗುಟ್ಟುತ್ತಿದ್ದೆವು. ಮಕ್ಕಳು ಮಲಗಿದ್ದಾರೆ ಎಂದುಕೊಂಡು ಎಷ್ಟು ವರ್ಷ ಹಾಗೆ ಮಾತಾಡಿದೆವೋ. ಶಾಲೆಯ ಪ್ರವಾಸದ ಹಣ ಎಲ್ಲಿಂದ ತರುವುದೆಂದು ಒಂದು ರಾತ್ರಿ ಮಾತಾಡಿದ್ದೆವು. ಮರುದಿನ ಬೆಳಿಗ್ಗೆಯೇ ಅವಳಿಗೆ ಬಸ್ಸಿನಲ್ಲಿ ವಾಂತಿಯಾಗತೊಡಗಿದ್ದು.

ಆ ಗೋಡೆಗೇ ಬಾಯಿಟ್ಟು ಎಲ್ಲ ಹೇಳಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಎರಡು ಶಾಲೆಗಳ ಮಕ್ಕಳು ಒಟ್ಟಿಗೇ ಮೇಲೆ ಬಂದರು. ಒಂದು ಚಪ್ಪಾಳೆಗೆ ಏಳು ಚಪ್ಪಾಳೆ, ಒಂದು ಕೂಗಿಗೆ ಏಳು ಕೂಗು. ಕಿವಿ ಮುಚ್ಚಿಕೊಂಡು ಕೆಳಗಿಳಿದೆವು.

ಹೇಳಿದ್ದು ಮಧ್ಯಾಹ್ನ, ಖಾನಾವಳಿಯಲ್ಲಿ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರೊಟ್ಟಿ ಮುರಿಯುತ್ತಿದ್ದ ಮಗಳಿಗೆ, ‘ಜುಲೈನಲ್ಲಿ ಡಬ್ಬಿಯಿಂದ ಸಾವಿರದ ಐನೂರು ತೆಗೆದವನು ನಾನು’ ಎಂದೆ. ಮುಂದಿನ ಮಾತೆಲ್ಲ ರಾತ್ರಿಯೇ ಕಟ್ಟಿಟ್ಟುಕೊಂಡಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಇವಳು ನನ್ನನ್ನು ನೋಡಿದಳು. ಆ ನೋಟದ ಬಗ್ಗೆ ಇಲ್ಲಿ ಬರೆಯಲಾರೆ.

ಮಗಳು ತಲೆ ತಗ್ಗಿಸಿಕೊಂಡೇ, ‘ಗೊತ್ತು ಅಪ್ಪ’ ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿ, ‘ಆದರೆ ಸಾವಿರದ ಆರುನೂರು’ ಎಂದಳು.

ಐನೂರರ ಮೂರೇ ನೋಟು ಎಂದೆ. ಅವಳು ಎರಡು ಸಲ ಎಣಿಸಿದ್ದಳಂತೆ. ನಾವಿಬ್ಬರೂ ಲೆಕ್ಕಕ್ಕೆ ನಿಂತೆವು. ಪಕ್ಕದಲ್ಲಿ ಮಗ ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ಚಟ್ನಿಯನ್ನೇ ನೋಡುತ್ತಿದ್ದ. ಕಿವಿಗಳು ಕೆಂಪಾಗಿದ್ದವು.

‘ನೂರು ನಾನು ತೆಗೆದದ್ದು’ ಎಂದ. ಸೈಕಲ್ಲಿನ ಟ್ಯೂಬಿಗಂತೆ. ಅಕ್ಕ ಬರೆದಿಟ್ಟಿದ್ದ ‘ಕೇಳಬಾರದು’ ಎಂಬುದನ್ನು ಅವನೂ ಓದಿದ್ದನಂತೆ, ತನ್ನ ಬಗ್ಗೆಯೇ ಬರೆದದ್ದು ಎಂದುಕೊಂಡು ಐದು ತಿಂಗಳು ಅಕ್ಕನ ಕಣ್ಣಿಗೆ ಕಣ್ಣು ಕೊಡದೆ ತಿರುಗಿದನಂತೆ. ಹೆಚ್ಚು ಹೆಚ್ಚು ರದ್ದಿ ಮೂಟೆ ಕಟ್ಟಿದ್ದೂ ಅದಕ್ಕೇ. ಮೊದಲು ನಕ್ಕವಳು ಮಗಳು. ಆಮೇಲೆ ಇವಳು. ಖಾನಾವಳಿಯ ಅಜ್ಜಿ ಏನಾಯಿತೋ ಎಂದು ಒಳಗಿನಿಂದ ಬಂದು, ನಾವು ನಗುವುದನ್ನು ಕಂಡು, ಕೇಳದೆಯೇ ಮತ್ತೊಂದು ಸುತ್ತು ಮೊಸರು ಬಡಿಸಿಹೋದಳು.

ಸಂಜೆ ಟಾಂಗಾದಲ್ಲಿ ಇವಳನ್ನು ಮುಂದೆ ಕೂರಿಸಿ ಬಾರಾಕಮಾನಿನವರೆಗೆ ಹೋದೆವು. ಕಟ್ಟಲು ತೊಡಗಿ ಅರ್ಧಕ್ಕೇ ನಿಂತ ಎರಡನೆಯ ಅಲಿ ಆದಿಲ್ ಶಾಹನ ಗೋರಿ ಅದು. ಸೂರಿಲ್ಲದ ಕಮಾನುಗಳ ನಡುವೆ ಆಕಾಶ ಕಾಣುತ್ತದೆ. ಇವರಿಗೂ ಡಬ್ಬಿಯಲ್ಲಿ ಕಡಿಮೆ ಬಿತ್ತೇನೋ ಎಂದ ಮಗ. ಅಕ್ಕ ಅವನ ತಲೆಗೆ ಮೊಟಕಿದಳು.

ಊರಿಗೆ ಬಂದ ಮರುದಿನ 1,500 ರೂಪಾಯಿಯನ್ನು ಮಗಳ ಖಾತೆಗೆ ಕಟ್ಟಿಬಂದೆ. ಅವಳು ಆ ಪೆನ್ಸಿಲ್ ಸಾಲನ್ನು ಅಳಿಸಲಿಲ್ಲ. ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ‘ಬಂತು 1,500. ಬಾಕಿ 100, ತಮ್ಮ’ ಎಂದು ಬರೆದಳು. ಆಮೇಲೆ ಹೊಸ ಪುಟ ತಿರುವಿ, ಮೇಲೆ ‘ಇಳಕಲ್’ ಎಂದು ಬರೆದು ಅಡಿಗೆರೆ ಎಳೆದಿದ್ದಾಳೆ. ಈ ಸಲ ಅದರಲ್ಲಿ ನನ್ನದೂ ಒಂದು ಕಾಲಂ ಇದೆ, ತಿಂಗಳಿಗೆ ಇನ್ನೂರು. ರಾತ್ರಿಯ ಮಾತುಗಳನ್ನು ಈಗ ನಾಲ್ವರೂ ಕುಳಿತು, ದೀಪ ಹಾಕಿಕೊಂಡೇ ಆಡುತ್ತೇವೆ. ಮೊದಲ ದಿನ ಯಾರಿಗೂ ಏನು ಹೇಳಬೇಕೆಂದು ತಿಳಿಯಲಿಲ್ಲ. ಮಗನೇ ಶುರು ಮಾಡಿದ, ಸೈಕಲ್ಲಿಗೆ ಇನ್ನೊಂದು ಟ್ಯೂಬ್ ಬೇಕಂತೆ.

ನೀನು ಯುಗಾದಿಗೆ ಬರುತ್ತೇನೆಂದು ಬರೆದಿದ್ದೀಯ. ಇಳಕಲ್ಲಿಗೆ ಜೊತೆಯಾಗುವುದಾದರೆ ಈಗಲೇ ತಿಳಿಸು, ಮಗಳು ಐದನೆಯವರ ಲೆಕ್ಕ ಹಾಕಿಟ್ಟಿದ್ದಾಳೆ. ಬಸ್ಸಿನ ಟಿಕೆಟ್ ಮಾತ್ರ ನಿನ್ನದೇ. ಬರುವಾಗ ಛತ್ರಿ ತರಬೇಡ.

ನಿನ್ನ,
ಮೂರನೆಯ ಬೆಂಚಿನವನು