ಮೈಸೂರು ಕುಳ್ಳಗಿದ್ದರೆ ಯಾರಿಗೇನು ನಷ್ಟ?

ಮಾನ್ಯರೇ,

ಭಾನುವಾರದ ಪತ್ರಿಕೆಯಲ್ಲಿ ಮಂಗಳೂರು, ಮೈಸೂರಿನ ಫೋಟೊ ಅಕ್ಕಪಕ್ಕ ಹಾಕಿ, ಮಂಗಳೂರಿನ ಎತ್ತರದ ಟವರ್‌ಗಳನ್ನು ಹೊಗಳಿ, ನಮ್ಮೂರು ‘ಇನ್ನೂ ಎದ್ದು ನಿಂತಿಲ್ಲ’ ಅಂತ ಬರೆದಿದ್ದೀರಿ. ಅದನ್ನು ನಾನು ಓದಿದ್ದು ಅಡುಗೆಮನೆಯಲ್ಲಿ, ಸೋರುವ ಕಡೆ ಬಕೆಟ್ ಇಡುತ್ತಾ. ಹಿಂದಿನ ರಾತ್ರಿ ಪಕ್ಕದ ಸೈಟಿನಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನಿಂದ ಸೆಂಟ್ರಿಂಗ್ ಹಲಗೆ ಜಾರಿ ನಮ್ಮ ಮನೆ ಮೇಲೆ ಬಿತ್ತು. 11 ಹೆಂಚು ಪುಡಿ. ಬೆಳಗಿನ ಜಾವ ಮಳೆ. ಅಕ್ಕಿ ಡಬ್ಬದೊಳಗೂ ನೀರು. ಮೇಸ್ತ್ರಿಯನ್ನು ಕೇಳಿದರೆ, ‘ಹಳೇ ಮನೆ ಅಲ್ವಾ ಸಾರ್, ಕೆಡವಿ ಕಟ್ಟಿಸಿಬಿಡಿ’ ಅಂದ!

ಫೋಟೊ ವಿಷಯಕ್ಕೆ ಬರೋಣ. ಮೈಸೂರನ್ನು ಚಾಮುಂಡಿ ಬೆಟ್ಟದ ಮೇಲಿಂದ ತೆಗೆದಿದ್ದೀರಿ. ಸಾವಿರ ಮೆಟ್ಟಿಲು ಹತ್ತಿ ಕೆಳಗೆ ನೋಡಿದರೆ ಯಾವ ಊರು ತಾನೇ ಎತ್ತರ ಕಾಣುತ್ತದೆ ಸ್ವಾಮಿ? ಮಂಗಳೂರನ್ನು ಮಾತ್ರ ತಗ್ಗಿನಿಂದ ತೆಗೆದಿದ್ದೀರಿ. ಅಲ್ಲಿಯದು ಏರುತಗ್ಗಿನ ನೆಲ. ಬಾವುಟಗುಡ್ಡದ ಮೇಲೆ ಹತ್ತು ಮಹಡಿ ಕಟ್ಟಿದರೂ ಇಪ್ಪತ್ತರ ಹಾಗೆ ಕಾಣುತ್ತದೆ. ನಮ್ಮ ಅಣ್ಣನ ಮಗಳು ಕದ್ರಿ ಕಡೆ 14ನೇ ಮಹಡಿಯಲ್ಲಿದ್ದಾಳೆ. ಸಮುದ್ರ ಕಾಣುತ್ತದೆ, ನಿಜ. ಬೇಸಿಗೆಯಲ್ಲಿ ಆ ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದರೆ ಟ್ಯಾಂಕರ್ ದಾರಿಯೂ ಅಲ್ಲಿಂದಲೇ ಚೆನ್ನಾಗಿ ಕಾಣುತ್ತದಂತೆ.

ನಮ್ಮಲ್ಲಿ ಎತ್ತರ ಇಲ್ಲ ಅಂತ ಯಾರು ಹೇಳಿದ್ದು? ಸೇಂಟ್ ಫಿಲೋಮಿನಾ ಚರ್ಚಿನ ಗೋಪುರ 175 ಅಡಿ. ಅರಮನೆಯದು 145 ಅಡಿ. ಇವೆರಡಕ್ಕೂ ಹಿಂದೆ ಬೆಟ್ಟ. ನಮ್ಮ ಮನೆಯಿಂದ ದಸರಾದಲ್ಲಿ ಬೆಟ್ಟದ ಮೇಲಿನ ‘ಸುಸ್ವಾಗತ’ ದೀಪ ಪೂರ್ತಿ ಕಾಣುತ್ತಿತ್ತು. ಈ ಕಟ್ಟಡ ಮೂರನೇ ಮಹಡಿಗೆ ಬಂದ ಮೇಲೆ ‘ಗತ’ ಮಾತ್ರ ಕಾಣುತ್ತಿದೆ. ಅದೂ ಸರಿಯಾಗೇ ಇದೆ ಬಿಡಿ.

1903ರಲ್ಲೇ ಇಲ್ಲಿ ನಗರ ಸುಧಾರಣೆಗೆ ಅಂತ ಮಂಡಳಿ ಮಾಡಿದ್ದರು. ಪ್ಲೇಗಿನ ಕಾಲ, ಜನಕ್ಕೆ ಗಾಳಿ ಬೆಳಕು ಬೇಕು ಅಂತ. ಈಗ ನಮ್ಮ ಮನೆ ಹಿಂದಿನ ಕನ್ಸರ್ವೆನ್ಸಿ ಓಣಿಯಲ್ಲಿ ಆಳೆತ್ತರ ಎಂ-ಸ್ಯಾಂಡ್, ಅಂದರೆ ಕಲ್ಲು ಅರೆದ ಮರಳು, ಸುರಿದಿದ್ದಾರೆ. ದೂರು ಕೊಡಲು ಪಾಲಿಕೆ ಕಚೇರಿಗೆ ಹೋದರೆ ಸಾಹೇಬರು ಸೈಟ್ ಇನ್‌ಸ್ಪೆಕ್ಷನ್‌ಗೆ ಹೋಗಿದ್ದಾರೆ ಅಂತಾರೆ. ಮೂರು ಸಲ ಹೋದೆ, ಮೂರು ಸಲವೂ ಇನ್‌ಸ್ಪೆಕ್ಷನ್. ಯಾವ ಸೈಟೋ ದೇವರೇ ಬಲ್ಲ, ನಮ್ಮ ಪಕ್ಕದ್ದಂತೂ ಅಲ್ಲ. ಇಂಥವರಿಂದಲೇ 2012ರಲ್ಲಿ ಇಲ್ಲಿಯ ಹಳೇ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜೀವ ಹೋಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ವಾದ. ಇದ್ದ ಕಟ್ಟಡ ನೋಡಿಕೊಳ್ಳಲು ಬರದವರು ಹೊಸದಕ್ಕೆ ಪರವಾನಗಿ ಮಾತ್ರ ಸರಸರ ಕೊಡುತ್ತಾರೆ.

ಇನ್ನೊಂದು ಮಾತು. ನಮ್ಮ ಮನೆಯದು ಮಂಗಳೂರು ಹೆಂಚು, ನಮ್ಮ ತಾತ ಹಾಕಿಸಿದ್ದು. ಊರೂರಿಗೆ ಹೆಂಚು ಕಳಿಸಿದ ಮಂಗಳೂರಿನಲ್ಲಿ ಈಗ ಹೆಂಚಿನ ಮನೆಗಳನ್ನು ಕೆಡವಿಯೇ ಆ ಟವರ್‌ಗಳನ್ನು ಎಬ್ಬಿಸುತ್ತಿದ್ದಾರೆ. ನೀವು ಹೊಗಳಿದ್ದು ಅದನ್ನೇ.

ಆದ್ದರಿಂದ ಬೆಟ್ಟ ಮುಚ್ಚುವ ಕಟ್ಟಡಗಳಿಗೆ ಪರವಾನಗಿ ಕೊಡುವುದನ್ನು ನಿಲ್ಲಿಸಬೇಕು. ಆಗದಿದ್ದರೆ ಸುತ್ತ ಒಂದು ಬಲೆಯನ್ನಾದರೂ ಕಟ್ಟಿಸಬೇಕು. ಆ ಎಂ-ಸ್ಯಾಂಡನ್ನೂ ತೆಗೆಸಿ. ಯಾರಿಗೆ ಹೇಳಬೇಕೋ ಅವರಿಗೆ ಹೇಳಿ. ಅದೂ ಬೇಡ ಅಂದರೆ, ಅದೇ ಅಚ್ಚಿನ 11 ಹೆಂಚು ಎಲ್ಲಿ ಸಿಗುತ್ತದೆ ಅಂತ ನಿಮ್ಮ ಮಂಗಳೂರು ವರದಿಗಾರರನ್ನು ಕೇಳಿ ತಿಳಿಸಿ. ಮಳೆ ಇನ್ನೂ ನಿಂತಿಲ್ಲ.

– ನೆನೆದ ಓದುಗ, ಮೈಸೂರು