ತಲೆಯ ಅಳತೆ ಬರೆಸದೆ ಬರಬೇಡ

ಚಿ. ಸೌ. ಕಾವ್ಯಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ತೊಟ್ಟಿಲು ನೋಡಲು ಬಂದವರು 'ಪಾಪು ತಲೆ ದಪ್ಪ ಅಲ್ವಾ' ಅಂದರು ಅಂತ ಅಷ್ಟು ಹೆದರಿದೆಯಾ? ಕಣ್ಣಳತೆಯ ಮಾತು ಬಿಡು. ಹುಟ್ಟಿದಾಗ ತಲೆಯ ಸುತ್ತಳತೆ 34 ಸೆಂ.ಮೀ. ಇತ್ತು, ಹತ್ತನೇ ವಾರದ ಲಸಿಕೆಗೆ ಹೋದಾಗ 38.5 ಅಂದೆ. ಮೊದಲ ಮೂರು ತಿಂಗಳು ತಿಂಗಳಿಗೆ ಹತ್ತಿರ ಹತ್ತಿರ 2 ಸೆಂ.ಮೀ. ಬೆಳೆಯುತ್ತದೆ. ಆಮೇಲೆ ಆರು ತಿಂಗಳು ತುಂಬುವವರೆಗೆ ತಿಂಗಳಿಗೆ 1, ವರ್ಷ ತುಂಬುವವರೆಗೆ ತಿಂಗಳಿಗೆ ಅರ್ಧ. ಮಿದುಳು ಬೆಳೆದಂತೆ ತಲೆ ಬೆಳೆಯುತ್ತದೆ, ಅದಕ್ಕೇ ಡಾಕ್ಟರು ಅಳೆಯುವುದು.

ನನ್ನ ಮಗನಿಗೆ ಹೀಗಾಯಿತು. ಪ್ರತಿ ಸಲ ತೂಕ ಬರೆದರು, ಉದ್ದ ಬರೆದರು, ತಲೆಯ ಜಾಗ ಖಾಲಿ. ನಾನೂ ಕೇಳಲಿಲ್ಲ. ಒಂಬತ್ತನೇ ತಿಂಗಳಲ್ಲಿ ಬೇರೆ ಡಾಕ್ಟರು ಅಳೆದು 'ಸ್ವಲ್ಪ ಚಿಕ್ಕದಿದೆ, ಹಿಂದಿನ ಅಳತೆ ಕೊಡಿ' ಅಂದರು. ಎಲ್ಲಿಂದ ಕೊಡಲಿ? ಮೊದಲಿಂದಲೇ ಚಿಕ್ಕದೋ, ಈಚೆಗೆ ಬೆಳವಣಿಗೆ ನಿಂತಿತೋ ಗೊತ್ತಾಗಲಿಲ್ಲ. ಎರಡು ತಿಂಗಳು ಕಾದು ಮತ್ತೆ ಅಳೆಸಿದೆವು. ಅಷ್ಟು ದಿನ ನಾನು ನಿದ್ದೆ ಮಾಡಲಿಲ್ಲ ಮಗಳೇ. ಅವನ ತಲೆ ಅವನದೇ ಲೆಕ್ಕದಲ್ಲಿ ಬೆಳೆಯುತ್ತಿತ್ತು. ನಮ್ಮ ಯಜಮಾನರದೂ ಚಿಕ್ಕ ತಲೆಯೇ.

ಅದಕ್ಕೆ ಹೇಳುತ್ತೇನೆ, ಒಂದು ಸಲದ ಸಂಖ್ಯೆ ನೋಡಿ ಕುಗ್ಗಬೇಡ, ಹಿಗ್ಗಲೂ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ ಹೆಣ್ಣು ಮಕ್ಕಳಿಗೇ ಬೇರೆ ಗೆರೆಗಳಿವೆ. ನಮ್ಮ ದೆಹಲಿಯ ಮಕ್ಕಳನ್ನೂ ಅಳೆದು ಮಾಡಿದ ಚಾರ್ಟು ಅದು. ಪ್ರತಿ ಸಲದ ಅಳತೆಗೆ ಅದರಲ್ಲಿ ಇಡುವ ಪಾಪುವಿನ ಚುಕ್ಕೆಗಳು ಒಂದೇ ಗೆರೆಯ ಜೊತೆಜೊತೆಗೆ ಹೋಗುತ್ತಿದ್ದರೆ ಸಮಾಧಾನವಾಗಿರು. ಗೆರೆ ದಾಟಿ ಸರ್ರನೆ ಮೇಲೆ ಹೋದರೆ, ಇಲ್ಲವೇ ಏರದೆ ನಿಂತರೆ ಮಾತ್ರ ಡಾಕ್ಟರನ್ನು ಬಿಡದೆ ಕೇಳು.

ಅಳೆಯುವಾಗ ಪಕ್ಕದಲ್ಲೇ ನಿಂತು ನೋಡು. ಕುಲಾವಿ ತೆಗೆದಿರಬೇಕು. ಟೇಪು ಮುಂದೆ ಹುಬ್ಬಿನ ಸ್ವಲ್ಪ ಮೇಲೆ, ಪಕ್ಕದಲ್ಲಿ ಕಿವಿಯ ಮೇಲೆ, ಹಿಂದೆ ಬುರುಡೆ ಎಲ್ಲಿ ಜಾಸ್ತಿ ಉಬ್ಬಿದೆಯೋ ಅಲ್ಲಿ ಬರಬೇಕು. ಪಾಪು ಕತ್ತು ಕೊಸರಿದರೆ ಟೇಪು ಹಿಂದಿನಿಂದ ಜಾರುತ್ತದೆ, ಆಗ ಅರ್ಧ ಒಂದು ಸೆಂ.ಮೀ. ಸುಮ್ನೆ ಕಮ್ಮಿ ಬರುತ್ತದೆ. ಇನ್ನೊಂದು ಸಲ ಅಳೆಯಿರಿ ಅನ್ನು, ಸಂಕೋಚ ಬೇಡ. ಮನೆಯಲ್ಲಿ ಹೊಲಿಗೆ ಡಬ್ಬಿಯ ಹಳೇ ಟೇಪಿನಲ್ಲಿ ಅಳೆಯಬೇಡ, ಅದು ಹಿಗ್ಗಿರುತ್ತದೆ.

ಎಣ್ಣೆ ಹಚ್ಚಿ ನೀರೆರೆಯುವವರು ತಲೆ ದುಂಡಗಾಗಲಿ ಅಂತ ಒತ್ತುತ್ತಾರೆ. ಬೇಡ ಅನ್ನು. ನನ್ನ ಹೆಸರು ಹೇಳಿದರೂ ಸರಿ.

ಪಾಪು ಅಳದೆ ಕೂತಿರುವಾಗಲೂ ನೆತ್ತಿ ಉಬ್ಬಿ ಬಿಗಿಯಾಗಿದ್ದರೆ, ಮತ್ತೆ ಮತ್ತೆ ವಾಂತಿ ಮಾಡಿಕೊಂಡರೆ, ಎಬ್ಬಿಸಿದರೂ ಮಂಕಾಗಿದ್ದರೆ, ಕಣ್ಣುಗುಡ್ಡೆ ಕೆಳಕ್ಕೆ ಇಳಿದಂತೆ ಕಂಡರೆ ಲಸಿಕೆ ದಿನಕ್ಕೆ ಕಾಯಬೇಡ. ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡು.

ಗುರುವಾರ ಹದಿನಾಲ್ಕನೇ ವಾರದ ಲಸಿಕೆ ಅಲ್ವಾ. ತಾಯಿ ಕಾರ್ಡಿನಲ್ಲಿ ಜಾಗವಿಲ್ಲದಿದ್ದರೆ ಕೊನೇ ಪುಟದಲ್ಲಿ ತಾರೀಕು ಹಾಕಿ ಬರೆಸು. ಫೋಟೋ ತೆಗೆದು ನನಗೆ ಕಳಿಸು, ಕನ್ನಡಕ ಹಾಕಿಕೊಂಡು ಕಾಯುತ್ತಿರುತ್ತೇನೆ.

ನಿನ್ನ
ದೊಡ್ಡಮ್ಮ